1930ರ ಡಿಸೆಂಬರ್ 31: ಹಳೆಯ ಕಾರುಗಳ ರೇಸಿನಲ್ಲಿ ಕಾಲಮಿತಿ ಮತ್ತು ಖರ್ಚು

1. ವ್ಯಾಪ್ತಿ

ಹಳೆಯ ಕಾರುಗಳ ರೇಸು ಸಿರಿವಂತರಿಗೂ ಸಾಧಾರಣ ಆದಾಯದವರಿಗೂ ಒಗ್ಗುವ ಹವ್ಯಾಸ ಎಂಬ ಅಭಿಪ್ರಾಯ ಅದರ ಆಸಕ್ತರಲ್ಲಿ ವ್ಯಾಪಕವಾಗಿದೆ. ಮುಖ್ಯವಾಗಿ ಬ್ರಿಟನ್ನಿನ ನಿದರ್ಶನಗಳನ್ನು ಇಟ್ಟುಕೊಂಡು ಅದು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಲಾಗಿದೆ. ಕಾರಿನ ಬೆಲೆ, ಸ್ಪರ್ಧೆಯ ಖರ್ಚು, ನೋಡುಗರ ಖರ್ಚು ಇವು ಮೂರನ್ನೂ ಬೆರೆಸದಿರುವುದು ಲೇಸು.

2. ಐದು ವರ್ಷದ ನಿಯಮ

ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ ಸ್ಥಾಪನೆಯಾದದ್ದು 1934ರಲ್ಲಿ. ಹೆಚ್ಚು ಹಣವಿಲ್ಲದ ಮೋಟಾರು ಪ್ರಿಯರಿಗಾಗಿ ಹುಟ್ಟಿದ ಈ ಕ್ಲಬ್ಬಿನ ಆರಂಭದ ಷರತ್ತು, ಕಾರಿಗೆ ಕನಿಷ್ಠ ಐದು ವರ್ಷವಾದರೂ ಆಗಿರಬೇಕು ಎಂಬುದು. ಮುಂದೆ ‘ವಿಂಟೇಜ್’ ವರ್ಗದ ಗಡಿ 1930ರ ಡಿಸೆಂಬರ್ 31ಕ್ಕೆ ಸ್ಥಿರವಾಯಿತು. ಎರಡೂ ನಿಯಮಗಳನ್ನು ಒಂದೇ ಎಂಬಂತೆ ಹೇಳುವುದುಂಟು; ಲೆಕ್ಕ ಹಾಗೆ ಕೂಡುವುದಿಲ್ಲ. 1934ರಿಂದ ಐದು ವರ್ಷ ಹಿಂದಕ್ಕೆ ಎಣಿಸಿದರೆ ಸಿಗುವುದು 1929. 1930ರ ಕೊನೆಯ ದಿನ ತಯಾರಾದ ಕಾರಿಗೆ ಐದು ತುಂಬುವುದು 1935ರ ಕೊನೆಗೆ.

ವ್ಯತ್ಯಾಸ ಒಂದು ವರ್ಷದ್ದು, ಆದರೆ ಪರಿಣಾಮ ಚಿಕ್ಕದಲ್ಲ. ಐದು ವರ್ಷದ ನಿಯಮದಲ್ಲಿ ಅರ್ಹ ಕಾರುಗಳ ಸಂಖ್ಯೆ ಪ್ರತಿವರ್ಷ ಬೆಳೆಯುತ್ತಿತ್ತು; ಹಳತಾಗುವುದೆಂದರೆ ಸಾಮಾನ್ಯವಾಗಿ ಅಗ್ಗವಾಗುವುದೇ ಆಗಿತ್ತು. ದಿನಾಂಕ ಸ್ಥಿರವಾದ ಮೇಲೆ ಸಂಗ್ರಹ ಮುಚ್ಚಿಹೋಯಿತು. ಬೆಲೆ ಏರಿಕೆಗೆ ಇದೊಂದೇ ಕಾರಣವೆಂದು ಹೇಳಲಾಗದು. ಅಗ್ಗದ ಹವ್ಯಾಸಕ್ಕೆಂದು ಹುಟ್ಟಿದ ಗಡಿಯೇ ವಿರಳತೆಯ ಗಡಿಯೂ ಆಯಿತು ಎನ್ನಲು ಮಾತ್ರ ಆಧಾರವಿದೆ.

ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಎಫ್‌ಐಎ, ಐತಿಹಾಸಿಕ ಕಾರುಗಳ ತನ್ನ ನಿಯಮಾವಳಿಯಾದ ‘ಅನುಬಂಧ ಕೆ’ಯಲ್ಲಿ ಇದೇ ದಿನಾಂಕಕ್ಕೆ ‘ಸಿ’ ಅವಧಿಯನ್ನು ಮುಗಿಸುತ್ತದೆ. ಮುಂದಿನ ‘ಡಿ’ ಅವಧಿ 1946ರವರೆಗೆ. ಕ್ಲಬ್ಬಿನ ಮುಂದಿನ ವರ್ಗವಾದರೋ 1940ಕ್ಕೆ ನಿಲ್ಲುತ್ತದೆ. ಹೀಗಾಗಿ ಒಂದರ ಅರ್ಹತೆಯಿಂದ ಇನ್ನೊಂದರ ಅರ್ಹತೆಯನ್ನು ಊಹಿಸುವಂತಿಲ್ಲ.

3. ಕಡಿಮೆ ಖರ್ಚಿನ ತುದಿ

ಆಸ್ಟಿನ್ 7 ಪ್ರಕಟವಾದದ್ದು 1922ರಲ್ಲಿ, ತಯಾರಿಕೆ ನಿಂತದ್ದು 1939ರಲ್ಲಿ. ಎಂಜಿನ್ ಗಾತ್ರವನ್ನು 747 ಸಿಸಿ ಎಂದು ಬರೆಯುವುದು ರೂಢಿ. ಮೊಟ್ಟಮೊದಲ ಕಾರುಗಳದು 696 ಸಿಸಿ. ಒಟ್ಟು ಸುಮಾರು 2,90,000 ಕಾರುಗಳು ಹೊರಬಂದವು. ಬಿಡಿಭಾಗಗಳ ಲಭ್ಯತೆಗೆ ಈ ಸಂಖ್ಯೆಯೇ ಮುಖ್ಯ ಕಾರಣವಿರಬೇಕು. ಈ ಕಾರಿನ ಸುತ್ತ 1939ರಲ್ಲೇ 750 ಮೋಟಾರ್ ಕ್ಲಬ್ ಕಟ್ಟಿಕೊಂಡಿತು.

ಫಾರ್ಮುಲಾ ಫೋರ್ಡ್ ಇನ್ನೊಂದು ದಾರಿಯಲ್ಲಿ ಬಂದದ್ದು. 1967ರ ಜುಲೈನಲ್ಲಿ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಶುರುವಾದ ಈ ವರ್ಗದಲ್ಲಿ ಕಾರಿನ ಬೆಲೆಗೆ 1,000 ಪೌಂಡಿನ ಮಿತಿಯಿತ್ತು. ಆ ಕಾಲದ ಕಾರುಗಳೀಗ ಐತಿಹಾಸಿಕ ವರ್ಗದಲ್ಲಿ ಓಡುತ್ತವೆ. ಮಿತಿ ಈಗಿಲ್ಲ, ಒಂದೇ ಬಗೆಯ 1,600 ಸಿಸಿ ಎಂಜಿನ್, ರೆಕ್ಕೆಗಳಿಲ್ಲದ ಸರಳ ಮೈಕಟ್ಟು ಮಾತ್ರ ಉಳಿದಿವೆ.

ಸ್ಪರ್ಧೆಯ ಕ್ರಮವನ್ನೂ ಗಮನಿಸಬೇಕು. ಹಿಲ್‌ಕ್ಲೈಂಬ್‌ನಲ್ಲಿ ಕಾರುಗಳು ಒಂದೊಂದಾಗಿ ಗಡಿಯಾರದ ವಿರುದ್ಧ ಏರುತ್ತವೆ. 1905ರಿಂದ ಬಳಕೆಯಲ್ಲಿರುವ ಶೆಲ್ಸ್ಲಿ ವಾಲ್ಷ್ ಹಾದಿ 1,000 ಗಜದ್ದು. ಎಂಜಿನ್ ಗಾತ್ರದ ಮೇಲೆ ವರ್ಗ ಮಾಡುವುದರಿಂದ ಸಣ್ಣ ಕಾರಿನವನ ಪೈಪೋಟಿ ಸಣ್ಣ ಕಾರಿನವನೊಡನೆ. ಹ್ಯಾಂಡಿಕ್ಯಾಪ್ ರೇಸುಗಳಲ್ಲಿ ನಿಧಾನದ ಕಾರು ಮೊದಲು ಹೊರಡುತ್ತದೆ. ಕಡಿಮೆ ಬಂಡವಾಳದವರನ್ನು ಉಳಿಸಿಕೊಂಡಿರುವುದರಲ್ಲಿ ಈ ಕ್ರಮಗಳ ಪಾಲು ಕಾರಿನ ಬೆಲೆಯಷ್ಟೇ ಇದ್ದೀತು.

4. ಮೇಲಿನ ತುದಿ

ಫೆರಾರಿ 250 ಜಿಟಿಒ (1962–64) ಎಷ್ಟು ತಯಾರಾದವು ಎಂಬುದಕ್ಕೆ 36 ಮತ್ತು 39 ಎಂಬ ಎರಡು ಉತ್ತರಗಳಿವೆ. ಎರಡನೆಯದು 4 ಲೀಟರ್ ಎಂಜಿನ್ನಿನ ಮೂರು ಕಾರುಗಳನ್ನು ಸೇರಿಸಿದ ಲೆಕ್ಕ, ಎರಡೂ ತಪ್ಪಲ್ಲ. 2018ರ ಆಗಸ್ಟಿನಲ್ಲಿ ಮಾಂಟೆರಿಯ ಹರಾಜಿನಲ್ಲಿ 3413 ಚಾಸಿ ಸಂಖ್ಯೆಯ ಜಿಟಿಒದ ಬೆಲೆ ಕೆಲವೆಡೆ 4.4 ಕೋಟಿ ಡಾಲರ್, ಕೆಲವೆಡೆ 4.8405 ಕೋಟಿ ಎಂದಿದೆ. ಮೊದಲನೆಯದು ಕೂಗಿನ ಬೆಲೆ, ಎರಡನೆಯದು ಹರಾಜುಗಾರರ ಶುಲ್ಕ ಸೇರಿದ ಮೊತ್ತ. ಯಾವುದೆಂದು ಹೇಳದೆ ಹೋಲಿಸುವ ಅಭ್ಯಾಸ ಬೆಲೆಪಟ್ಟಿಗಳಲ್ಲಿ ಬೇಸರ ತರಿಸುವಷ್ಟಿದೆ.

5. ನೋಡುಗರು

ಗುಡ್‌ವುಡ್ ಟ್ರ್ಯಾಕ್ 1948ರ ಸೆಪ್ಟೆಂಬರ್ 18ರಂದು ತೆರೆಯಿತು. 1966ರಲ್ಲಿ ಅಲ್ಲಿ ರೇಸು ನಿಂತಿತು. ‘ರಿವೈವಲ್’ ಆರಂಭವಾದದ್ದು 1998ರ ಅದೇ ದಿನ. ಅಲ್ಲಿನ ಸಲೂನ್ ಕಾರುಗಳ ರೇಸಿನಲ್ಲಿ ಮಿನಿ ಕೂಪರ್ ಮತ್ತು 7 ಲೀಟರಿನ ಫೋರ್ಡ್ ಗ್ಯಾಲಕ್ಸಿ ಒಟ್ಟಿಗೆ ಓಡಿದ್ದುಂಟು. ನೇರ ಹಾದಿಯಲ್ಲಿ ಹಿಂದೆ ಬಿದ್ದ ಮಿನಿ ತಿರುವಿನಲ್ಲಿ ಮತ್ತೆ ಹತ್ತಿರವಾಗುತ್ತದೆ. ಟಿಕೆಟ್ ಕೊಂಡವರಿಗೆ ಸಿಗುವ ಈ ನೋಟಕ್ಕೂ ಕಾರುಗಳ ಮಾರುಕಟ್ಟೆ ಬೆಲೆಗೂ ನೇರ ಸಂಬಂಧವಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಎಫ್‌ಐಎ ಕೊಡುವ ಐತಿಹಾಸಿಕ ತಾಂತ್ರಿಕ ಪಾಸ್‌ಪೋರ್ಟು, ಕಾರು ಆಯಾ ಅವಧಿಯ ವಿನ್ಯಾಸಕ್ಕೆ ಹೊಂದುತ್ತದೆ ಎಂಬುದಕ್ಕೆ ದಾಖಲೆ. ಅದೇ ಕಾರು ಅಂದು ಓಡಿತ್ತು ಎಂಬುದಕ್ಕಲ್ಲ. ಆದ್ದರಿಂದ ಸ್ಪರ್ಧಿಗಳ ಪಟ್ಟಿಯಲ್ಲಿರುವ ಕಾರನ್ನು ಹರಾಜಿನ ಬೆಲೆಯಿಂದ ಅಳೆಯುವ ಮುನ್ನ ಅದರ ಚಾಸಿ ಸಂಖ್ಯೆಯನ್ನು ಪರಿಶೀಲಿಸಬೇಕಾಗುತ್ತದೆ.