ಫಸಲಿ 1353ರ ಮೊದಲ ದಿನ

1930ರ ಆಗಸ್ಟ್ ತಿಂಗಳಲ್ಲಿ ಹಂಪಿಯ ಕಂದಾಯ ಲೆಕ್ಕದಲ್ಲಿ ಫಸಲಿ 1340 ನಡೆಯುತ್ತಿತ್ತು. ಹರಿಗೋಲು ಹತ್ತಿ ತುಂಗಭದ್ರೆ ದಾಟಿ ಆನೆಗೊಂದಿಗೆ ಹೋದರೆ ಅಲ್ಲಿ ಇನ್ನೂ 1339. ಎರಡೂ ದಡದಲ್ಲಿ ಕನ್ನಡವೇ, ಭತ್ತದ ಗದ್ದೆಯೇ. ವರ್ಷದ ಹೆಸರೂ ಒಂದೇ. ಆದರೆ ಈಚೆ ದಡ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಆಚೆ ದಡ ನಿಜಾಮರ ರಾಜ್ಯ. ಮದ್ರಾಸಿನವರು 1855ರಿಂದ ಫಸಲಿ ವರ್ಷವನ್ನು ಜುಲೈ 1ಕ್ಕೆ ಶುರು ಮಾಡುತ್ತಿದ್ದರು, ಹೈದರಾಬಾದಿನವರು ಅಕ್ಟೋಬರ್ 6ರ ಸುಮಾರಿಗೆ. ಅಕ್ಟೋಬರ್ ಬಂದಾಗ ಎರಡೂ ಲೆಕ್ಕ ಕೂಡುತ್ತಿದ್ದವು, ಜುಲೈ ಬಂದರೆ ಮತ್ತೆ ಬೇರೆ.

ಹೈದರಾಬಾದಿನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವ ನಮ್ಮಲ್ಲಿ ಅನೇಕರ ಊರು ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ. ಅಜ್ಜನ ಕಾಲದ ಹೊಲದ ಕಾಗದ ತೆಗೆದರೆ ಇಂಥ ವರ್ಷಗಳೇ ಕಣ್ಣಿಗೆ ಬೀಳುತ್ತವೆ. ಅವನ್ನು ಕಂಪ್ಯೂಟರಿಗೆ ಹಾಕಿ ಒಂದರ ಪಕ್ಕ ಒಂದಿಟ್ಟು ಹೋಲಿಸಲು ಹೊರಟಾಗ ತಕರಾರು ಶುರುವಾಗುತ್ತದೆ.

ಫಸಲಿ ಎಂದರೆ ಬೆಳೆಯ ವರ್ಷ. ಹಿಜರಿ ವರ್ಷಕ್ಕೆ 354 ದಿನ, ಬೆಳೆಗೆ 365. ಕಂದಾಯದ ತಾರೀಖು ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಸರಿದರೆ ಕೊಯ್ಲಿಗೆ ಮುಂಚೆಯೇ ವಸೂಲಿ ನಿಂತುಬಿಡುತ್ತದೆ. ಅದಕ್ಕೆ ಅಕ್ಬರನ ಆಡಳಿತ ಹಿಜರಿ ಅಂಕಿಯನ್ನು ಉಳಿಸಿಕೊಂಡು ಸೌರ ಎಣಿಕೆಗೆ ಹೊರಳಿತು. ದಖ್ಖನಿಗೆ ಅದು ಬಂದದ್ದು ಷಹಜಹಾನನ ಕಾಲದಲ್ಲಿ, 1636ರಲ್ಲಿ. ಆಗ ನಡೆಯುತ್ತಿದ್ದ ಹಿಜರಿ 1046ರಿಂದ ಎಣಿಕೆ ಹಿಡಿದರು. ಹೀಗಾಗಿ ಉತ್ತರದ ಫಸಲಿಗೂ ನಮ್ಮದಕ್ಕೂ ಎರಡು ಮೂರು ವರ್ಷದ ಅಂತರ ಉಳಿದುಹೋಯಿತು. ಮೇಲಾಗಿ ಹೈದರಾಬಾದಿನವರು ತಿಂಗಳಿಗೆ ಪಾರ್ಸಿ ಹೆಸರು ಇಟ್ಟುಕೊಂಡರು: ಆಜೂರ್, ದೈ, ಬಹಮನ್, ಹೀಗೆ. ಇರಾನಿನ ಪಂಚಾಂಗದಲ್ಲಿ ಆಜರ್ ಒಂಬತ್ತನೇ ತಿಂಗಳು, ನವೆಂಬರ್ ಕೊನೆಗೆ ಶುರುವಾಗುತ್ತದೆ. ಇಲ್ಲಿ ಅದೇ ಮೊದಲನೆಯದು. ಬ್ರೌಸರಿನೊಳಗೆ ಇರಾನಿ ಪಂಚಾಂಗ ಉಂಟು, ಶಕವರ್ಷ ಉಂಟು, ಹೈದರಾಬಾದಿ ಫಸಲಿ ಇಲ್ಲ. ಹೆಸರು ಒಂದೇ ಎಂದು ಇರಾನಿ ಪಂಚಾಂಗಕ್ಕೆ ಕೊಟ್ಟರೆ ಒಂದೂವರೆ ತಿಂಗಳು ಆಚೆ ಹೋಗಿ ಬೀಳುತ್ತೀರಿ.

ಇದೆಲ್ಲ ಪಂಚಾಂಗದ ಹರಟೆ ಎನ್ನುವವರು 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆಯ 34ನೇ ಕಲಮನ್ನು ಓದಬೇಕು. ರಕ್ಷಿತ ಗೇಣಿದಾರ ಯಾರು ಎಂದು ಹೇಳುವ ಕಲಮು ಅದು. ಫಸಲಿ 1342ರಿಂದ 1352ರ ಒಳಗೆ ಸತತ ಆರು ವರ್ಷ ಗೇಣಿ ಮಾಡಿದವನು ಒಬ್ಬ. 1948ರ ಜನವರಿ 1ಕ್ಕೆ ಹಿಂದಿನ ಆರು ವರ್ಷ ಮಾಡಿದವನು ಇನ್ನೊಬ್ಬ. ಮೂರನೆಯದು, ಫಸಲಿ 1353ರ ಮೊದಲ ದಿನದಿಂದೀಚೆಗೆ ಶುರುವಾಗಿ, ಕಾಯ್ದೆ ಬರುವ ಮೊದಲೇ ಮುಗಿದ ಆರು ವರ್ಷ. ಇಲ್ಲಿ ಕರಡು ಬರೆದವರು ಕಂಸದಲ್ಲಿ 6 ಅಕ್ಟೋಬರ್ 1943 ಎಂದು ಸೇರಿಸಿದ್ದಾರೆ. ಆ ಪುಣ್ಯಾತ್ಮರಿಗೆ ನಾನು ಕೈ ಮುಗಿಯುತ್ತೇನೆ. ಎಷ್ಟೋ ಪ್ರಾಜೆಕ್ಟಿನ ಸ್ಪೆಸಿಫಿಕೇಷನ್ನುಗಳಲ್ಲಿ ಇಷ್ಟು ಎಚ್ಚರ ಇರುವುದಿಲ್ಲ.

1347ರಿಂದ 1352, ಪೂರ್ತಿ ಆರು ಫಸಲಿ ಗೇಣಿ ಮಾಡಿದ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಹೈದರಾಬಾದಿನ ಲೆಕ್ಕದಲ್ಲಿ ಅದು 1937ರ ಅಕ್ಟೋಬರ್ 6ರಿಂದ 1943ರ ಅಕ್ಟೋಬರ್ 5. ಮದ್ರಾಸಿನ ಜುಲೈ ಲೆಕ್ಕ ಹಾಕಿದರೆ 1352 ಜೂನ್ 30ಕ್ಕೇ ಮುಗಿಯುತ್ತದೆ, ಅವನಿಗೆ ಮೂರು ತಿಂಗಳು ಕಡಿಮೆ ಬೀಳುತ್ತದೆ. ‘590 ಕೂಡಿಸಿದರೆ ಇಸವಿ ಬಂತು’ ಎನ್ನುವ ಸೂತ್ರದಲ್ಲಿ 1352 ಎಂದರೆ ಬರೀ 1942, ಇನ್ನೂ ಕಡಿಮೆ. ಆರು ವರ್ಷ ಗೇಯ್ದವನು ಹಕ್ಕು ಕಳೆದುಕೊಳ್ಳಲು ಒಂದು ಕೂಡುವ ಲೆಕ್ಕ ಸಾಕು.

ಇನ್ನು ಗಡಿಯಾರ. ಕಂಪ್ಯೂಟರುಗಳು ಬಳಸುವ ಟೈಮ್‌ಜೋನ್ ಪಟ್ಟಿಯಲ್ಲಿ ‘ಏಷ್ಯಾ/ಕೋಲ್ಕತಾ’ ಎಂದರೆ ಎಂದೆಂದಿಗೂ ಐದೂವರೆ ಗಂಟೆ ಅಲ್ಲ. ಭಾರತೀಯ ಪ್ರಮಾಣ ಸಮಯ ಬಂದದ್ದು 1906ರ ಜನವರಿ 1ಕ್ಕೆ. ಅದಕ್ಕೆ ಹಿಂದೆ ಪಟ್ಟಿ ಹಿಡಿದಿರುವುದು ಮದ್ರಾಸ್ ವೀಕ್ಷಣಾಲಯದ ಸಮಯ, 5 ಗಂಟೆ 21 ನಿಮಿಷ 10 ಸೆಕೆಂಡು. ರೈಲುಗಳು ಓಡುತ್ತಿದ್ದದ್ದೂ ಅದರ ಪ್ರಕಾರ. 1900ರ ತಾರೀಖೊಂದು 8 ನಿಮಿಷ 50 ಸೆಕೆಂಡು ಆಚೀಚೆ ಆದರೆ ಬಗ್ ನಿಮ್ಮದಲ್ಲ, ಇತಿಹಾಸದ್ದು. ಎರಡನೇ ಮಹಾಯುದ್ಧದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತ ಗ್ರೀನಿಚ್‌ಗಿಂತ ಆರೂವರೆ ಗಂಟೆ ಮುಂದೆ.

ಫಸಲಿ 1353ರ ಮೊದಲ ದಿನ ಈ ಯುದ್ಧಕಾಲದೊಳಗೇ ಬರುತ್ತದೆ. ಪಟ್ಟಿ ಬಲ್ಲ ಪ್ರೋಗ್ರಾಮಿಗೆ 1943ರ ಅಕ್ಟೋಬರ್ 6ರ ಮಧ್ಯರಾತ್ರಿ ಕೊಡಿ, ಅದು ಯುಟಿಸಿಯಲ್ಲಿ ಅಕ್ಟೋಬರ್ 5ರ 17:30 ಎಂದು ಉಳಿಸುತ್ತದೆ, ಸರಿಯಾಗಿಯೇ. ವರದಿ ಬರೆಯುವ ಇನ್ನೊಂದು ಕೋಡು ಕಣ್ಣು ಮುಚ್ಚಿ ಐದೂವರೆ ಗಂಟೆ ಕೂಡಿಸಿದರೆ ಅಕ್ಟೋಬರ್ 5ರ ರಾತ್ರಿ 11 ಆಯಿತು. ದಿನ ಹೋಯಿತು, ಅದರ ಜೊತೆ ಫಸಲಿಯೂ ಹಿಂದಿನದಾಯಿತು, 1352. ಎರಡೂ ಕಡೆಯ ಟೆಸ್ಟುಗಳು ಇವತ್ತಿನ ತಾರೀಖಿನಲ್ಲಿ ಪಾಸಾಗುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಜಾವಾಸ್ಕ್ರಿಪ್ಟಿನದು ಬೇರೆಯೇ ಚಾಳಿ: ‘1943-10-06’ ಎಂದಷ್ಟೇ ಕೊಟ್ಟರೆ ಯುಟಿಸಿ ಎಂದು ಓದುತ್ತದೆ, ಪಕ್ಕದಲ್ಲಿ ಗಂಟೆ ಸೇರಿಸಿದರೆ ಸ್ಥಳೀಯ ಸಮಯ ಎಂದು. ಕ್ಯಾಲಿಫೋರ್ನಿಯಾದ ಮಗಳ ಪರದೆಯ ಮೇಲೆ ಮೊದಲನೆಯದು ಅಕ್ಟೋಬರ್ 5 ಆಗಿರುತ್ತದೆ.

ಮದ್ದು ಸರಳ. ಹೊಲದ ದಾಖಲೆಗೆ ಗಂಟೆ ನಿಮಿಷ ಇರಲೇ ಇಲ್ಲ. ಗಂಟೆ ಇಲ್ಲದ ಬರೀ ತಾರೀಖಾಗಿಯೇ ಇಡಿ, ಜಾವಾದ ಲೋಕಲ್‌ಡೇಟ್, ಪೋಸ್ಟ್‌ಗ್ರೆಸ್‌ನ ಡೇಟ್ ಅದಕ್ಕೇ ಇವೆ. ಫಸಲಿ ವರ್ಷವನ್ನು ಒಂದು ದಿನಕ್ಕೆ ಇಳಿಸದೆ ಶುರು, ಕೊನೆ ಎಂದು ಎರಡು ಕಾಲಂ ಮಾಡಿ. ಇನ್ನೊಂದು ಕಾಲಂನಲ್ಲಿ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಅದು ಹಂಪಿ ಕಡೆಯ ಕಾಗದವೋ ಆನೆಗೊಂದಿ ಕಡೆಯದೋ ಎಂಬುದನ್ನೂ ಸೇರಿಸಿ.