ಹನ್ನೆರಡು ಋತುಗಳ ತಿರುಗಾಟ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದಲ್ಲಿ, ಓಕ್ಲೆಂಡಿಗೂ ಫ್ರೀಮಾಂಟಿಗೂ ನಡುವೆ ಇರುವ ಹೇವರ್ಡ್ ನಗರವನ್ನು ನಮ್ಮಲ್ಲಿ ಅನೇಕರು ದಾರಿಯ ಊರೆಂದೇ ಬಲ್ಲರು. ಸ್ಯಾನ್ ಮಟೆಯೊ ಸೇತುವೆಯನ್ನು ಹತ್ತುವ ಅವಸರದಲ್ಲಿ ಆ ಊರಿನ ಕಡೆಗೆ ಕಣ್ಣು ಹಾಯಿಸುವವರು ವಿರಳ. ಅಲ್ಲಿಯ ಹೆಸ್ಪೀರಿಯನ್ ಬೂಲವಾರ್ಡ್ ರಸ್ತೆಯಲ್ಲಿ ಚಾಬೋ ಕಾಲೇಜು ಇದೆ. 1961ರಲ್ಲಿ ಆರಂಭವಾಗಿ, 1965ರಲ್ಲಿ ಈಗಿನ ಆವರಣಕ್ಕೆ ಬಂದ ಈ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿ, ಬಳಿಕ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ಅವಕಾಶವುಂಟು. ಬ್ಯಾಸ್ಕೆಟ್‌ಬಾಲ್ ವೃತ್ತಿಯ ಚರಿತ್ರೆಯಲ್ಲಿ ನಾವು ಸಾಮಾನ್ಯವಾಗಿ ಓದದ ಒಂದು ಅಧ್ಯಾಯ ಈ ಆವರಣವನ್ನು ಹಾದುಹೋಗಿದೆ.

1959ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿ, ಓಕ್ಲೆಂಡಿನ ಪ್ರೌಢಶಾಲೆಯಲ್ಲಿ ಓದಿದ ಲೆಸ್ಟರ್ ಕಾನರ್ ಮೊದಲು ಲಾಸ್ ಮೆಡಾನೋಸ್ ಕಾಲೇಜಿನಲ್ಲಿ ಒಂದು ವರ್ಷ, ಅನಂತರ 1979-80ರಲ್ಲಿ ಚಾಬೋ ಕಾಲೇಜಿನಲ್ಲಿ ಒಂದು ವರ್ಷ ಆಡಿದರು. ಅಲ್ಲಿಂದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ, 1982ರಲ್ಲಿ ಪಶ್ಚಿಮ ಕರಾವಳಿಯ ಪ್ಯಾಕ್-10 ವಲಯದ ವರ್ಷದ ಶ್ರೇಷ್ಠ ಆಟಗಾರರೆನಿಸಿದರು. ಅದೇ ವರ್ಷದ ಎನ್‌ಬಿಎ ಆಯ್ಕೆಯಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವು 14ನೆಯವರಾಗಿ ಅವರನ್ನು ಆರಿಸಿಕೊಂಡಿತು. ಮನೆಯಂಗಳದ ತಂಡದಲ್ಲಿ ನಾಲ್ಕು ಋತು ಕಳೆದವು. 1986-87ರಲ್ಲಿ ಎನ್‌ಬಿಎಯಲ್ಲಿ ಅವರಿಗೆ ಸ್ಥಾನವೇ ಇರಲಿಲ್ಲ. ಮರುವರ್ಷ ಹ್ಯೂಸ್ಟನ್, ಮುಂದೆ ನ್ಯೂಜೆರ್ಸಿ, ಮಿಲ್ವಾಕಿ, ಲಾಸ್ ಏಂಜಲಿಸ್ ಕ್ಲಿಪ್ಪರ್ಸ್, ಇಂಡಿಯಾನಾ, ಕೊನೆಗೆ 1994-95ರಲ್ಲಿ ಲೇಕರ್ಸ್ ತಂಡದಲ್ಲಿ ಎರಡೇ ಪಂದ್ಯ. ಒಟ್ಟು ಹನ್ನೆರಡು ಋತು, ಏಳು ತಂಡ. ಆಟ ಮುಗಿದ ಮೇಲೆ ಅವರು ಎನ್‌ಬಿಎ ತಂಡಗಳಲ್ಲಿಯೇ ಸಹಾಯಕ ತರಬೇತುದಾರರಾದರು.

ಇಂಥ ವೃತ್ತಿಜೀವನವನ್ನು ಸೂಚಿಸಲು ಕನ್ನಡದಲ್ಲಿ ಹೊಸ ಪದವನ್ನು ಹುಡುಕಬೇಕಾಗಿಲ್ಲ. ನಮ್ಮ ಕರಾವಳಿಯ ಯಕ್ಷಗಾನ ಕಲಾವಿದರು ತಮ್ಮ ಸೇವೆಯನ್ನು 'ಇಷ್ಟು ತಿರುಗಾಟ' ಎಂದೇ ಎಣಿಸುತ್ತಾರೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ, ಮುಂದಿನ ವರ್ಷ ಅದೇ ಮೇಳವೋ ಬೇರೆ ಮೇಳವೋ ಎಂಬ ಮಾತುಕತೆ ನಡೆಯುತ್ತದೆ. ಮೇಳ ಬದಲಾದ ಮಾತ್ರಕ್ಕೆ ಕಲಾವಿದ ಸೋತನೆಂದು ಯಾರೂ ಹೇಳುವುದಿಲ್ಲ. ಕೊಟ್ಟ ವೇಷವನ್ನು ಬೆಳಗಿನ ತನಕ ನಿಭಾಯಿಸಿದನೇ ಎಂಬುದೊಂದೇ ಅಲ್ಲಿಯ ಅಳತೆ. ಕಾನರ್ ಅವರ ಹನ್ನೆರಡು ಋತುಗಳು ಈ ಅರ್ಥದಲ್ಲಿ ಹನ್ನೆರಡು ತಿರುಗಾಟಗಳು.

ಈ ತಿರುಗಾಟದ ಕರಾರುಗಳು ಕಠಿಣವಾದುವು. ಎನ್‌ಬಿಎಯಲ್ಲಿ ಹತ್ತು ದಿನಗಳ ಒಪ್ಪಂದವೆಂಬುದೊಂದಿದೆ. ಒಂದೇ ತಂಡವು ಒಬ್ಬ ಆಟಗಾರನಿಗೆ ಒಂದು ಋತುವಿನಲ್ಲಿ ಇಂಥ ಎರಡು ಒಪ್ಪಂದಗಳನ್ನು ಕೊಡಬಹುದು. ಅನಂತರ ಋತುವಿನ ಕೊನೆಯವರೆಗೆ ಉಳಿಸಿಕೊಳ್ಳಬೇಕು, ಇಲ್ಲವೇ ಬಿಟ್ಟುಕೊಡಬೇಕು. ಅಲ್ಲಿ ಸ್ಥಾನ ಸಿಗದವರಿಗೆ ಕಿರಿಯ ಲೀಗು, ಅದಕ್ಕೂ ಆಚೆ ಪರದೇಶ. ಪರದೇಶದ ಲೀಗುಗಳಲ್ಲಿ ಹೊರಗಿನ ಆಟಗಾರರ ಸಂಖ್ಯೆಗೆ ಮಿತಿ ಇರುವುದರಿಂದ, ಬಂದವನು ಸ್ಥಳೀಯರಿಗಿಂತ ಹೆಚ್ಚು ಆಡಿ ತೋರಿಸಲೇಬೇಕು. ಇಲ್ಲವಾದರೆ ಋತುವಿನ ನಡುವೆಯೇ ಇನ್ನೊಬ್ಬನು ಬಂದಿಳಿಯುತ್ತಾನೆ. ವೀಸಾದ ಅವಧಿಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡವರಿಗೂ, ಕನ್ಸಲ್ಟಿಂಗ್ ಕಂಪನಿಯ 'ಬೆಂಚಿ'ನ ಮೇಲೆ ಕುಳಿತು ಮುಂದಿನ ಪ್ರಾಜೆಕ್ಟಿಗೆ ಕಾದವರಿಗೂ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಭಾರತೀಯ ಮೂಲದವರಲ್ಲಿ ಈ ದಾರಿಯನ್ನು ನಡೆದು ತೋರಿಸಿದವರು ಸಿಮ್ ಭುಲ್ಲರ್. ಪಂಜಾಬಿನಿಂದ ವಲಸೆ ಬಂದ ತಂದೆತಾಯಿಗಳಿಗೆ 1992ರಲ್ಲಿ ಟೊರಾಂಟೋದಲ್ಲಿ ಹುಟ್ಟಿದ ಏಳು ಅಡಿ ಐದು ಅಂಗುಲದ ಈ ಆಟಗಾರರನ್ನು, ಮುಂಬಯಿಯಲ್ಲಿ ಹುಟ್ಟಿದ ವಿವೇಕ್ ರಣದಿವೆಯವರ ಒಡೆತನದ ಸ್ಯಾಕ್ರಮೆಂಟೋ ಕಿಂಗ್ಸ್ ತಂಡವು 2014ರಲ್ಲಿ ಸೇರಿಸಿಕೊಂಡು, ಋತು ಆರಂಭವಾಗುವ ಮುನ್ನವೇ ಕೈಬಿಟ್ಟಿತು. ಅವರು ರೀನೋ ನಗರದ ಕಿರಿಯ ತಂಡದಲ್ಲಿ ಆಡಿದರು. 2015ರ ಏಪ್ರಿಲಿನಲ್ಲಿ ಹತ್ತು ದಿನದ ಒಪ್ಪಂದ ದೊರೆಯಿತು. ಏಪ್ರಿಲ್ 7ರಂದು ಅವರು ಅಂಗಣಕ್ಕಿಳಿದಾಗ ಎನ್‌ಬಿಎಯಲ್ಲಿ ಆಡಿದ ಭಾರತೀಯ ಮೂಲದ ಮೊದಲಿಗರೆನಿಸಿದರು. ಆ ರಾತ್ರಿ ಅವರು ಆಡಿದ್ದು ಸುಮಾರು ಹದಿನಾರು ಸೆಕೆಂಡು. ಎನ್‌ಬಿಎಯಲ್ಲಿ ಅವರ ಒಟ್ಟು ಲೆಕ್ಕ ಮೂರು ಪಂದ್ಯ, ಎರಡು ಅಂಕ.

ಪತ್ರಿಕೆಗಳು ಕಥೆಯನ್ನು ಬಹುಮಟ್ಟಿಗೆ ಇಲ್ಲಿಗೇ ಮುಗಿಸಿದವು. ಭುಲ್ಲರ್ ಅವರ ನಿಜವಾದ ವೃತ್ತಿ ಆರಂಭವಾದದ್ದು ಇದರ ಅನಂತರ. 2016ರಲ್ಲಿ ಅವರು ತೈವಾನಿಗೆ ಹೋಗಿ ಡ್ಯಾಸಿನ್ ಟೈಗರ್ಸ್ ತಂಡವನ್ನು ಸೇರಿದರು. ಮುಂದೆ ಶಿಂಚು ನಗರದ ಲಯನೀರ್ಸ್ ತಂಡಕ್ಕೂ ಆಡಿದರು. ಶಿಂಚು ಎಂದರೆ ಸಿಲಿಕಾನ್ ಕಣಿವೆಯ ನಮ್ಮ ಎಂಜಿನಿಯರರು ಚಿಪ್ಪಿನ ಕೆಲಸದ ನಿಮಿತ್ತ ಹೋಗಿಬರುವ ಊರೇ. ಅಲ್ಲಿ ತಂಡದ ಭಾರ ಹೊತ್ತು ಆಡಿದ ವರ್ಷಗಳ ಮುಂದೆ ಆ ಹದಿನಾರು ಸೆಕೆಂಡು ಎಷ್ಟರದು? ಆದರೂ ನಮ್ಮ ನೆನಪಿನಲ್ಲಿ ಉಳಿದದ್ದು ಹದಿನಾರು ಸೆಕೆಂಡೇ.

ಇದಕ್ಕೆ ಕಾರಣ ನಮ್ಮ ತಾಯ್ನಾಡಿನ ಕ್ರೀಡಾಚರಿತ್ರೆಯಲ್ಲಿಯೂ ಇದೆ. 1891ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಆರಂಭಿಸಿದ ಈ ಆಟ ವೈಎಂಸಿಎ ಮೂಲಕ ಭಾರತಕ್ಕೆ ಬಂದಿತು. ಬೆಂಗಳೂರಿನಲ್ಲಿ ಅದಕ್ಕೆ ಗಟ್ಟಿಯಾದ ನೆಲೆ ಸಿಕ್ಕಿತು; 2017ರ ಜುಲೈಯಲ್ಲಿ ಅಲ್ಲಿ ನಡೆದ ಏಷ್ಯಾ ಮಹಿಳಾ ಕಪ್ಪಿನ 'ಬಿ' ವಿಭಾಗದಲ್ಲಿ ಭಾರತವೇ ಗೆದ್ದಿತು. ಆದರೆ ನಮ್ಮಲ್ಲಿ ಆಟದ ಫಲವೆಂದರೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕ್ರೀಡಾ ಕೋಟಾದ ಒಂದು ನೌಕರಿ. ಒಮ್ಮೆ ಸೇರಿದರೆ ನಿವೃತ್ತಿಯವರೆಗೆ ನೆಮ್ಮದಿ. ಅದು ಅನೇಕ ಬಡ ಮನೆಗಳನ್ನು ಎತ್ತಿ ನಿಲ್ಲಿಸಿದ ಏರ್ಪಾಡು, ಅಲ್ಲಗಳೆಯುವಂತಿಲ್ಲ. ಆದರೆ ಆ ಕಣ್ಣಿಗೆ ಏಳು ತಂಡ ಬದಲಿಸಿದವನು ನೆಲೆಯಿಲ್ಲದವನಂತೆ ಕಾಣುತ್ತಾನೆ.

ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಪೈಕಿ ಕೆಲವರು ಮನೆಯ ಮುಂದಿನ ಬುಟ್ಟಿಗೆ ಕತ್ತಲಾಗುವವರೆಗೂ ಚೆಂಡೆಸೆಯುತ್ತಾರೆ. ಅವರೆಲ್ಲರೂ ವೃತ್ತಿಪರರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅವರಲ್ಲೊಬ್ಬಳು ನಾಳೆ ಸಮುದಾಯ ಕಾಲೇಜಿನಿಂದ ಆರಂಭಿಸಿ, ಪೋಲೆಂಡಿನಲ್ಲೋ ತೈವಾನಿನಲ್ಲೋ ಒಂದೊಂದು ವರ್ಷದ ಕರಾರಿನ ಮೇಲೆ ಆಡುತ್ತಿದ್ದರೆ, 'ಇನ್ನೂ ಸೆಟಲ್ ಆಗಿಲ್ಲವೇ?' ಎಂದು ಕೇಳುವ ಮುನ್ನ ನಾವು ಬಂದ ದಾರಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ನಮ್ಮ ಸ್ಮರಣ ಸಂಚಿಕೆಗಳು 'ಮೊದಲ ಕನ್ನಡಿಗ' ಎಂಬ ಪಟ್ಟಿಗಳನ್ನು ಪ್ರೀತಿಯಿಂದ ಮುದ್ರಿಸುತ್ತ ಬಂದಿವೆ. ಎಷ್ಟು ತಿರುಗಾಟ, ಯಾವ ಮೇಳ, ಯಾವ ವೇಷ ಎಂಬುದನ್ನೂ ಜೊತೆಗೆ ಬರೆದಿಡುವ ಪದ್ಧತಿ ಬೆಳೆಯಲಿ.