ಕಾವೇರಿಯ ಒಡಂಬಡಿಕೆಯಲ್ಲಿ ಅನುಭೋಗವಿಚಾರ

ಕಾವೇರೀಜಲದ ವಿಷಯವಾಗಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರಕಾರಕ್ಕೂ ನಡೆದ ವ್ಯಾಜ್ಯವು ಕೇವಲ ನೀರಿನ ಲೆಕ್ಕದ್ದೆಂದು ಬಗೆಯುವವರುಂಟು. ಲೆಕ್ಕವು ಅದರಲ್ಲಿ ಇಲ್ಲದಿಲ್ಲ. ಆದರೆ ಮೊದಲ ಮೂವತ್ತು ವರ್ಷಗಳ ಕಾಲ ವಿವಾದವು ನಿಂತಿದ್ದುದು ಒಂದು ವಾಕ್ಯದ ಅರ್ಥದ ಮೇಲೆ.

1892ನೆಯ ಇಸವಿ ಫೆಬ್ರವರಿ 18ರ ಒಡಂಬಡಿಕೆಯ ಮೇರೆಗೆ, ಪಟ್ಟಿಯಲ್ಲಿ ಹೆಸರಿಸಿದ ನದಿಗಳಿಗೆ ಮೈಸೂರಿನವರು ಹೊಸ ಕಟ್ಟೆಗಳನ್ನು ಕಟ್ಟಬೇಕಾದರೆ ಮದರಾಸಿನವರ ಸಮ್ಮತಿ ಬೇಕು. ಮದರಾಸಿನವರಾದರೋ, ಅನುಭೋಗದಿಂದ ಈಗಾಗಲೇ ಸಂಪಾದಿತವಾಗಿ ವಾಸ್ತವವಾಗಿ ನಡೆದುಬರುತ್ತಿರುವ ಹಕ್ಕಿನ ರಕ್ಷಣೆಗಾಗಿ ಹೊರತು ಸಮ್ಮತಿಯನ್ನು ನಿರಾಕರಿಸತಕ್ಕದ್ದಲ್ಲ. ಇಲ್ಲಿ ‘ಸಂಪಾದಿತ’ವೆಂಬುದೊಂದೇ ಸಾಲದೆ ‘ನಡೆದುಬರುತ್ತಿರುವ’ ಎಂಬ ವಿಶೇಷಣವೂ ಸೇರಿದೆ. ಮೀಮಾಂಸಕರ ರೀತಿಯಿಂದ ನೋಡಿದರೆ ಅದಕ್ಕೆ ವೈಯರ್ಥ್ಯವನ್ನು ಹೇಳಲಾಗದು. ಮುಂದೆ ಮಾಡಬೇಕೆಂದಿರುವ ಗದ್ದೆಗಳಿಗೆ ಈ ರಕ್ಷಣೆ ಸಲ್ಲದೆಂದೇ ತಾತ್ಪರ್ಯ.

ಭೋಗವು ಹಕ್ಕಿಗೆ ಎಷ್ಟರಮಟ್ಟಿಗೆ ಪ್ರಮಾಣವೆಂಬ ವಿಚಾರ ಧರ್ಮಶಾಸ್ತ್ರಜ್ಞರಿಗೆ ಹೊಸದಲ್ಲ. ಯಾಜ್ಞವಲ್ಕ್ಯಸ್ಮೃತಿಯು ಲೇಖ್ಯ ಸಾಕ್ಷಿಗಳೊಡನೆ ಭುಕ್ತಿಯನ್ನೂ ಪ್ರಮಾಣವಾಗಿ ಎಣಿಸಿ, ಒಡೆಯನು ಕಂಡೂ ಸುಮ್ಮನಿರಲಾಗಿ ಪರರು 20 ವರ್ಷ ಅನುಭವಿಸಿದ ಭೂಮಿಗೆ ಹಾನಿಯನ್ನು ಹೇಳುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಆ ಹಾನಿ ಫಲಕ್ಕೇ ಹೊರತು ಸ್ವಾಮ್ಯಕ್ಕಲ್ಲವೆಂದು ನಿರ್ಣಯಿಸಿದನು. ಒಡಂಬಡಿಕೆಯನ್ನು ಬರೆದವರ ಪರಿಭಾಷೆ ಇಂಗ್ಲಿಷು ನ್ಯಾಯದ್ದು, ಮಿತಾಕ್ಷರೆಯದಲ್ಲ. ಆದರೂ ತೊಡಕು ಅದೇ.

1910ರಲ್ಲಿ ಮೈಸೂರಿನವರು ಕನ್ನಂಬಾಡಿಯಲ್ಲಿ 41.5 ಟಿ.ಎಂ.ಸಿ. ನೀರು ನಿಲ್ಲುವ ಕಟ್ಟೆಯನ್ನು ಸೂಚಿಸಿದರು. (1 ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ.) ಮದರಾಸಿನವರು ಒಪ್ಪಲಿಲ್ಲ. ಅವರ ಭಯ ನಿರಾಧಾರವೂ ಆಗಿರಲಿಲ್ಲ: ಕರಿಕಾಲ ಚೋಳನದೆಂದು ಪ್ರತೀತಿಯುಳ್ಳ ಕಲ್ಲಣೆಯ ಕೆಳಗಣ ತಂಜಾವೂರಿನ ಬೆಳೆಯೆಲ್ಲ ಈ ನೀರನ್ನೇ ನಂಬಿತ್ತು. ಆದರೆ ಮೆಟ್ಟೂರಿನಲ್ಲಿ ತಾವೂ ದೊಡ್ಡ ಜಲಾಶಯವನ್ನು ಕಟ್ಟುವ ಯೋಚನೆ ಅವರಿಗಿತ್ತು. ಆಕ್ಷೇಪದಲ್ಲಿ ಹಳೆಯ ಗದ್ದೆಯ ರಕ್ಷಣೆ ಎಷ್ಟು, ಹೊಸ ಗದ್ದೆಯ ಆಶೆ ಎಷ್ಟು ಎಂಬುದನ್ನು ಬಿಡಿಸುವುದೇ ಕಷ್ಟವಾಯಿತು. ಸದ್ಯಕ್ಕೆ 11 ಟಿ.ಎಂ.ಸಿ.ಗೆ ಅನುಮತಿ ದೊರೆಯಿತು. ಮೈಸೂರಿನವರು 1911ರಲ್ಲಿ ಕೆಲಸಕ್ಕೆ ತೊಡಗಿ, ಪೂರ್ಣ ಎತ್ತರಕ್ಕೆ ಒದಗುವಷ್ಟು ಅಗಲದ ತಳಪಾಯವನ್ನೇ ಹಾಕಿದರು. ಇದು ದೂರದೃಷ್ಟಿ ಹೌದು, ಎದುರು ಪಕ್ಷದ ಸಂಶಯಕ್ಕೆ ಎಡೆಯೂ ಹೌದು.

ಮಧ್ಯಸ್ಥರಾದ ನ್ಯಾಯಾಧೀಶ ಗ್ರಿಫಿನ್ನರು 1914ರಲ್ಲಿ ಬಹುಮಟ್ಟಿಗೆ ಮೈಸೂರಿಗೆ ಅನುಕೂಲವಾದ ತೀರ್ಪನ್ನು ಕೊಟ್ಟರು. ಅನುಭೋಗವನ್ನು ಅವರು ಮಾತಿನಲ್ಲಿ ಬಿಡದೆ, ಮೇಲಣೆಯ ಅಳತೆಗೋಲಿನ 6½ ಅಡಿಗೆ ತಂದು ಕಟ್ಟಿದುದು ಪ್ರಶಂಸಾರ್ಹ. 1916ರಲ್ಲಿ ಭಾರತ ಸರಕಾರವು ಇದನ್ನು ಅಂಗೀಕರಿಸಿತು. ಮದರಾಸಿನ ಮೇಲ್ಮನವಿಯ ಮೇಲೆ 1919ರಲ್ಲಿ ಲಂಡನ್ನಿನ ಭಾರತಮಂತ್ರಿ ತಡೆದರು. ಬಳಿಕ ಸಂಧಾನವೇ ಗತಿಯಾಗಿ, 1924ರ ಫೆಬ್ರವರಿ 18ರಂದು ಎರಡನೆಯ ಒಡಂಬಡಿಕೆಯಾಯಿತು. ಕೃಷ್ಣರಾಜಸಾಗರದ ಕೆಳಗೆ 1,25,000 ಎಕರೆ, ಮೆಟ್ಟೂರಿನ ಕೆಳಗೆ 3,01,000 ಎಕರೆ ಹೊಸ ಸಾಗುವಳಿಗೆ ಒಪ್ಪಿಗೆ ದೊರೆತು, ಕೆಲವು ಷರತ್ತುಗಳು 50 ವರ್ಷಗಳ ಮೇಲೆ ಪುನರ್ವಿಮರ್ಶೆಗೆ ಒಳಪಟ್ಟವು.

ಆ ಅವಧಿ 1974ಕ್ಕೆ ಮುಗಿಯಿತು. 1990ರಲ್ಲಿ ನ್ಯಾಯಮಂಡಳಿ ನೇಮಕವಾಯಿತು. ಹಳೆಯ ಒಡಂಬಡಿಕೆಗಳು ಸಾರ್ವಭೌಮರ ಬಲಾತ್ಕಾರದಿಂದಾದವೆಂಬ ಕರ್ನಾಟಕದ ವಾದವನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಲಿಲ್ಲ. 1974ರ ತರುವಾಯ ಅವು ಊರ್ಜಿತವಲ್ಲವೆಂದಿತು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಸಲ್ಲಬೇಕಾದುದನ್ನು 192ರಿಂದ 177.25 ಟಿ.ಎಂ.ಸಿ.ಗೆ ಇಳಿಸಿತು. ಮಳೆ ಕಡಮೆಯಾದ ವರ್ಷ ಪಾಲುಗಳೂ ಅದೇ ಪ್ರಮಾಣದಲ್ಲಿ ಕಡಮೆಯಾಗತಕ್ಕದ್ದೆಂದು ನ್ಯಾಯಮಂಡಳಿಯ 2007ರ ತೀರ್ಪಿನಲ್ಲಿದೆ. ಆ ಪ್ರಮಾಣವನ್ನು ವರ್ಷದ ಕೊನೆಗೆ ಎಣಿಸಬೇಕೋ, ಆಷಾಢದಲ್ಲಿ ಪೈರು ಒಣಗುತ್ತಿರುವಾಗಲೇ ಎಣಿಸಬೇಕೋ ಎಂಬಲ್ಲಿ ಪುನಃ ಅರ್ಥವಿವಾದ.